ಹಳ್ಳ ದಾಟಿದ ಜೀಪು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವರ್ಷದ ಬಹುಭಾಗ ಒಣಗಿರುವ ಹಳ್ಳಗಳು ಮಳೆ ಬಂದೊಡನೆ ತುಂಬಿ ಹರಿಯುತ್ತವೆ. ಅವನ್ನು ದಾಟಿದ ಜೀಪಿನ ಹೊರಮೈ ತೊಳೆದರೆ ಸಾಲದು. ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಈ ವಾಹನಕ್ಕೆ ಹಿಂದೆ, ಮುಂದೆ ಎರಡು ಡಿಫರೆನ್ಷಿಯಲ್ ಪೆಟ್ಟಿಗೆಗಳುಂಟು. ಓಟದಿಂದ ಕಾದ ಪೆಟ್ಟಿಗೆ ತಣ್ಣೀರಿಗಿಳಿದಾಗ ಒಳಗಿನ ಗಾಳಿಯ ಒತ್ತಡ ತಗ್ಗುತ್ತದೆ. ಗಾಳಿಕಿಂಡಿಗೆ ಕೆಸರು ಮೆತ್ತಿದ್ದರೆ ಸೀಲುಗಳ ಸಂದಿನಿಂದ ನೀರು ಒಳಸೇರುತ್ತದೆ. ನೀರು ಬೆರೆತ ಎಣ್ಣೆಯ ಪದರ ದುರ್ಬಲವಾಗಿ ಹಲ್ಲುಚಕ್ರಗಳು ಸವೆಯುತ್ತವೆ.

ಪರೀಕ್ಷೆ ಸುಲಭ. ರಾತ್ರಿಯೆಲ್ಲ ವಾಹನ ನಿಲ್ಲಿಸಿ, ಬೆಳಿಗ್ಗೆ ಅಲುಗಿಸುವ ಮುನ್ನ ತಳದ ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸಿರಿ. ಎಣ್ಣೆಗಿಂತ ಭಾರವಾದ ನೀರು ಮೊದಲು ತೊಟ್ಟಿಕ್ಕುವುದು. ನೀರು ಕಂಡರೆ, ಅಥವಾ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಬಸಿದು ಹೊಸದನ್ನು ತುಂಬಿರಿ, ಗಾಳಿಕಿಂಡಿಯನ್ನೂ ಶುಚಿಗೊಳಿಸಿರಿ. ಹಲ್ಲುಚಕ್ರಗಳ ಬೆಲೆಯ ಮುಂದೆ ಎಣ್ಣೆಯ ಖರ್ಚು ಅಲ್ಪವೇ ಸರಿ.