ಹೊಲಗೇರು ಮರದ ಸೊನೆ

ಅಡಕೆ ತೋಟಕ್ಕೆ ಸೊಪ್ಪು ತರಲು ಬೆಟ್ಟಕ್ಕೆ ಹೋದ ಆಳು ಸಾಯಂಕಾಲ ಕ್ಷೇಮವಾಗಿಯೇ ಮನೆಗೆ ಬರುವನು. ಮರುದಿನವೋ ಅದರ ಮರುದಿನವೋ ಅವನ ಮುಖವು ಬಾತು, ಕಣ್ಣು ಮುಚ್ಚಿಹೋಗಿ, ತೋಳುಗಳ ಮೇಲೆ ನೀರ್ಗುಳ್ಳೆಗಳೇಳುವುವು. ದೃಷ್ಟಿದೋಷವೆಂದು ಮನೆಯವರು ಶಂಕಿಸುವುದೂ ಉಂಟು. ದೋಷವು ಬಹುಮಟ್ಟಿಗೆ ಹೊಲಗೇರಿನದು.

ಕಾಡುಗೇರು ಎಂದೂ ಕರೆಯಲ್ಪಡುವ ಈ ಮರವು ಪಶ್ಚಿಮ ಘಟ್ಟದ ಮಳೆಗಾಡುಗಳಲ್ಲಲ್ಲದೆ ಬೇರೆಲ್ಲಿಯೂ ತಾನಾಗಿ ಬೆಳೆಯದು. ಹೋಲಿಗಾರ್ನ ಆರ್ನೋಟಿಯಾನ ಎಂಬುದು ಇದರ ಶಾಸ್ತ್ರೀಯ ನಾಮ. ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪುಗೂಡಿರುವುವು. ತುದಿಯ ಕಡೆಗೆ ಅಗಲ, ಬುಡದ ಕಡೆಗೆ ಕಿರಿದು. ಎಳೆಯ ಎಲೆಯ ತೊಟ್ಟನ್ನು ದೂರದಿಂದಲೇ ದಿಟ್ಟಿಸಿದರೆ ಅದರ ಇಕ್ಕೆಲಗಳಲ್ಲಿ ನೂಲಿನಂತಹ ಎರಡು ಕಿರುಮೊನೆಗಳು ಕಾಣುವುವು. ಇವು ಮುಂದೆ ಉದುರಿಹೋಗುವುದರಿಂದ ಬಲಿತ ಎಲೆಯನ್ನು ನೋಡಿ ಮೋಸಹೋಗಬಾರದು. ತೊಗಟೆಗೆ ಗಾಯವಾದಲ್ಲಿ ಒಸರುವ ಸೊನೆಯು ಗಾಳಿ ತಗುಲಿ ಕಪ್ಪಾಗುವುದು. ಕಾಂಡದ ಮೇಲಿನ ಕರಿಯ ಕಲೆಗಳೇ ಒಳ್ಳೆಯ ಗುರುತು.

ಮಾವು, ಗೋಡಂಬಿ, ಕರಿಗೇರುಗಳು ಇದರ ಬಳಗದವು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಈ ಕರಿಗೇರಿನ ರಸದಿಂದಲೇ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸಿಪಾಯಿಗಳಿಗೆ ಆ ಗುರುತು ತಗುಲಿದ ಕಡೆ ಚರ್ಮವು ಕೆರಳಿದುದನ್ನು 1943ರಲ್ಲಿ ವೈದ್ಯರು ವರದಿ ಮಾಡಿದರು. ಒಗೆದ ಬಟ್ಟೆಯಲ್ಲಿಯೂ ಉಳಿಯುವ ವಿಷವು ಕತ್ತಿಯ ಹಿಡಿಯಲ್ಲಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಸೊನೆಯು ಎಲ್ಲರನ್ನೂ ಒಂದೇ ರೀತಿ ಬಾಧಿಸದು. ಮೊದಲ ಸಲ ಏನೂ ಆಗದವನಿಗೆ ಮುಂದಿನ ಸಲ ಉಗ್ರವಾಗಿ ಆಗಬಹುದು. "ನನಗೆ ಸೋಂಕದು" ಎಂಬ ಧೈರ್ಯ ಸಲ್ಲದು. ಸೊನೆ ತಗುಲಿದೊಡನೆ, ಕೆಲವೇ ನಿಮಿಷಗಳೊಳಗೆ, ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ತೊಳೆಯಬೇಕು. ಬಟ್ಟೆ, ಕತ್ತಿ, ಹಗ್ಗಗಳನ್ನೂ ತೊಳೆಯತಕ್ಕದ್ದು. ಗುಳ್ಳೆಗಳನ್ನು ಒಡೆಯಬಾರದು, ಅವುಗಳ ನೀರಿನಿಂದ ರೋಗ ಹರಡುವುದೆಂಬುದು ತಪ್ಪು ತಿಳಿವಳಿಕೆ. ಸುಣ್ಣ ಬಳಿಯುವುದಂತೂ ಸುಟ್ಟ ಗಾಯಕ್ಕೆ ಬೆಂಕಿಯಿಟ್ಟಂತೆ. ಮುಖ ಬಾತರೆ, ಉಸಿರಾಟಕ್ಕೆ ತೊಂದರೆಯಾದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇದರ ಕಟ್ಟಿಗೆಯನ್ನು ಒಲೆಗೆ ಹಾಕಲೇಕೂಡದು. ಹೊಗೆಯೊಡನೆ ವಿಷವು ಕಣ್ಣಿಗೂ ಶ್ವಾಸಕೋಶಕ್ಕೂ ಸೇರುವ ಭಯವಿದೆ. ಹಾಗೆಂದು ಕಂಡ ಕಂಡ ಮರವನ್ನು ಉರುಳಿಸಹೊರಟರೆ ಕಡಿಯುವವನಿಗೇ ಅಪಾಯ ಹೆಚ್ಚು. ಸೊಪ್ಪಿನ ಕೆಲಸ ಆರಂಭಿಸುವ ಮೊದಲು, ಮರವನ್ನು ಬಲ್ಲ ಹಿರಿಯರೊಬ್ಬರು ಬೆಟ್ಟವನ್ನು ಸುತ್ತಿ, ಪ್ರತಿ ಹೊಲಗೇರಿನ ಮುಂದೆ ಒಂದು ಗೂಟ ನೆಟ್ಟು ಅದಕ್ಕೆ ಸುಣ್ಣ ಬಳಿದು ಬರಲಿ; ಹೊಸ ಆಳುಗಳಿಗೆ ಆ ಗೂಟಗಳನ್ನು ತೋರಿಸಿಯೇ ಕೈಗೆ ಕತ್ತಿ ಕೊಡಲಿ.