ಪ್ರಧಾನಾಲಯದ ಅನ್ನ, ಆಕಾಶದ ಲೆಕ್ಕ

ಪೋಲೆಂಡಿನ ಉತ್ತರ ಅಂಚಿನಲ್ಲಿ ಫ್ರೊಂಬೋರ್ಕ್ ಎಂಬ ಪುಟ್ಟ ಊರಿದೆ. ಅಲ್ಲಿಯ ಕೆಂಪಿಟ್ಟಿಗೆಯ ಕೆಥೆಡ್ರಲ್ಲಿನ ನೆಲದಡಿ 1543ರಲ್ಲಿ ನಿಕೋಲಸ್ ಕೋಪರ್ನಿಕಸ್‌ನನ್ನು ಹೂಳಿದರು. ಗೋರಿಯ ಗುರುತು ಉಳಿಯಲಿಲ್ಲ. ಶತಮಾನಗಳಿಂದ ಹೆಣ ಹೂತ ಆ ನೆಲದಲ್ಲಿ ಎಲ್ಲೆಂದು ಅಗೆಯುವುದು? ದಾರಿ ತೋರಿಸಿದ್ದು ಕೆಥೆಡ್ರಲ್ಲಿನ ಒಂದು ಹಳೆಯ ರೂಢಿ. ಆ ಕೆಥೆಡ್ರಲ್ಲಿನ ಮಂಡಳಿಯ ಸದಸ್ಯರನ್ನು ಕ್ಯಾನನ್ ಎನ್ನುತ್ತಿದ್ದರು, ಕೋಪರ್ನಿಕಸ್ ಅವರಲ್ಲೊಬ್ಬ. ಅಲ್ಲಿ ಪ್ರತಿ ಕ್ಯಾನನ್‌ಗೂ ಒಂದೊಂದು ಬಲಿಪೀಠದ ಹೊಣೆ ಇತ್ತು; ಸತ್ತರೆ ಅದರ ಹತ್ತಿರವೇ ಮಣ್ಣು. ಇತಿಹಾಸಕಾರ ಯೆಜಿ ಸಿಕೊರ್ಸ್ಕಿ ಈ ಎಳೆ ಹಿಡಿದು ಪವಿತ್ರ ಶಿಲುಬೆಯ ಬಲಿಪೀಠದತ್ತ ಬೊಟ್ಟು ಮಾಡಿದರು. 2005ರಲ್ಲಿ ಅಲ್ಲೇ ಸುಮಾರು 70 ವರ್ಷದ ಗಂಡಸಿನ ತಲೆಬುರುಡೆ ಸಿಕ್ಕಿತು. ಕೋಪರ್ನಿಕಸ್ ಬಳಸುತ್ತಿದ್ದ ಪುಸ್ತಕವೊಂದು ಯುದ್ಧದ ಲೂಟಿಯಾಗಿ ಸ್ವೀಡನ್ನಿನ ಉಪ್ಸಾಲಾ ಸೇರಿತ್ತು. ಅದರ ಹಾಳೆಗಳ ನಡುವೆ ಸಿಕ್ಕ ಎರಡು ಕೂದಲಿನ ಡಿಎನ್ಎ, ಬುರುಡೆಯ ಹಲ್ಲಿನ ಡಿಎನ್ಎ ಜೊತೆ ತಾಳೆಯಾಯಿತು.

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದವನು ಕೋಪರ್ನಿಕಸ್ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹೊಟ್ಟೆಪಾಡಿಗೆ ಆತ ಏನು ಮಾಡುತ್ತಿದ್ದ ಎಂದು ಕೇಳಿದವರು ಕಡಿಮೆ. 1497ರಿಂದ ಸಾಯುವವರೆಗೆ, 46 ವರ್ಷ, ಆತ ವಾರ್ಮಿಯಾ ಧರ್ಮಪ್ರಾಂತ್ಯದ ಕ್ಯಾನನ್.

ಹಾಗೆಂದರೇನು? ಮೊದಲು ಕೆಥೆಡ್ರಲ್ ಎಂದರೇನು ನೋಡೋಣ. ದೊಡ್ಡ ಚರ್ಚುಗಳೆಲ್ಲ ಕೆಥೆಡ್ರಲ್ ಅಲ್ಲ. ಗ್ರೀಕಿನ ‘ಕಥೆದ್ರಾ’ ಎಂದರೆ ಪೀಠ. ಧರ್ಮಾಧ್ಯಕ್ಷರ ಪೀಠವಿರುವ ಚರ್ಚಿಗೆ ಮಾತ್ರ ಆ ಹೆಸರು. ಮೈಸೂರಿನ ಸಂತ ಫಿಲೋಮಿನಾ, ಮಂಗಳೂರಿನ ರೊಸಾರಿಯೊ ಅಂಥವು. ನಮ್ಮ ಕನ್ನಡ ಕಥೋಲಿಕರು ಪ್ರಧಾನಾಲಯ ಅನ್ನುತ್ತಾರೆ, ಸೊಗಸಾದ ಮಾತು. ಹಿಂದೆ ಯುರೋಪಿನಲ್ಲಿ ಧರ್ಮಾಧ್ಯಕ್ಷರು ಊರೂರು ಸುತ್ತಬೇಕಿತ್ತು, ಅರಮನೆಯ ಕರೆಗೂ ಓಗೊಡಬೇಕಿತ್ತು. ಪೀಠ ಖಾಲಿ ಇದ್ದ ದಿನವೂ ಹೊತ್ತುಹೊತ್ತಿನ ಪ್ರಾರ್ಥನೆ ನಿಲ್ಲಬಾರದು. ಅದಕ್ಕೆ ನಿಂತವರೇ ಕ್ಯಾನನ್‌ಗಳು. ಸುಮಾರು 755ರಲ್ಲಿ ಮೆಟ್ಸ್ ನಗರದ ಧರ್ಮಾಧ್ಯಕ್ಷ ಕ್ರೊಡೆಗಾಂಗ್ ತನ್ನ ಕೈಕೆಳಗಿನ ಪಾದ್ರಿಗಳು ಒಂದೇ ಸೂರಿನಡಿ ಉಂಡು, ಒಟ್ಟಿಗೆ ಪ್ರಾರ್ಥಿಸಬೇಕೆಂದು ನಿಯಮ ಬರೆದ. ದಿನವೂ ಸಭೆ ಸೇರಿ ನಿಯಮದ ಒಂದು ಅಧ್ಯಾಯ ಓದಬೇಕು. ಆ ಮಂಡಳಿಗೆ ‘ಚಾಪ್ಟರ್’ ಎಂಬ ಹೆಸರು ಬಂದದ್ದು ಹಾಗೆ. 816ರಲ್ಲಿ ಆಕೆನ್ ಸಭೆ ಇಂಥದೇ ನಿಯಮವನ್ನು ಫ್ರಾಂಕ್ ಸಾಮ್ರಾಜ್ಯಕ್ಕೆಲ್ಲ ಅನ್ವಯಿಸಿತು.

ಮಠದ ಸನ್ಯಾಸಿಗೆ ಸ್ವಂತದ್ದೇನೂ ಇರಕೂಡದು, ಕ್ಯಾನನ್‌ಗೆ ಇರಬಹುದು. ಕಾಲ ಕಳೆದಂತೆ ಒಟ್ಟಿನ ಊಟ ಹೋಯಿತು. ಒಬ್ಬೊಬ್ಬರಿಗೆ ಒಂದು ಪಾಲು ಆದಾಯ ಬಂತು, ನಮ್ಮ ದೇವಸ್ಥಾನದ ಉಂಬಳಿಯ ಹಾಗೆ. ಅದಕ್ಕೆ ಪ್ರೆಬೆಂಡ್ ಎನ್ನುತ್ತಾರೆ. ಉಂಬಳಿಯ ಹಿಂದೆಯೇ ಕೇಡೂ ಬಂತು. ಆದಾಯ ಇಲ್ಲಿ, ವಾಸ ಇನ್ನೆಲ್ಲೋ. ಪ್ರಾರ್ಥನೆ ಹಾಡಲು ಬದಲಿ ಆಳು. ಇಂಗ್ಲೆಂಡಿನ ವೆಲ್ಸ್‌ನಲ್ಲಿ ಇಂಥ ಬದಲಿ ಗಾಯಕರಿಗೆಂದು 1348ರಲ್ಲಿ ಶುರುವಾದ ವಸತಿ, ಕಲ್ಲುಮನೆಗಳ ಉದ್ದ ಬೀದಿಯಾಗಿ ಇಂದಿಗೂ ನಿಂತಿದೆ.

ಕೋಪರ್ನಿಕಸ್‌ಗೆ ಹುದ್ದೆ ಸಿಕ್ಕಿದ್ದೂ ವಶೀಲಿಯಿಂದಲೇ. ಸೋದರಮಾವ ಲೂಕಾಸ್ ವಾಟ್ಸೆನ್‌ರೋಡ ಅಲ್ಲಿಯ ಧರ್ಮಾಧ್ಯಕ್ಷ. ಅಳಿಯನಿಗೆ ಆಗ 24 ವರ್ಷ, ಇಟಲಿಯಲ್ಲಿ ಓದುತ್ತಿದ್ದ. ವೈದ್ಯಕೀಯ ಕಲಿಯುತ್ತೇನೆಂದು 1501ರಲ್ಲಿ ಮತ್ತೆ ರಜೆ ಕೇಳಿದಾಗ ಚಾಪ್ಟರ್ ಒಪ್ಪಿತು. ಹುದ್ದೆ ಬಂದ ಬಗೆಯನ್ನು ಮೆಚ್ಚಲಾರೆ. ಆದರೆ ಆತ ಉಂಡ ಅನ್ನದ ಋಣ ತೀರಿಸಿದ.

16 ಮಂದಿಯ ಆ ಚಾಪ್ಟರ್‌ಗೆ ಊರುಗಳಿದ್ದವು, ಹೊಲಗಳಿದ್ದವು, ಒಕ್ಕಲುಗಳಿದ್ದವು. 1516ರಲ್ಲಿ ಅವುಗಳ ಪಾರುಪತ್ಯ ಕೋಪರ್ನಿಕಸ್‌ನ ಹೆಗಲಿಗೆ ಬಿತ್ತು. ಓಲ್ಷ್ಟಿನ್ ಕೋಟೆಯಲ್ಲಿ ಕುಳಿತು, ಹಳ್ಳಿಹಳ್ಳಿ ಸುತ್ತಿ, ಪಾಳುಬಿದ್ದ ಹಿಡುವಳಿಗಳಿಗೆ ಒಕ್ಕಲು ಹುಡುಕಿದ. ಆ ಕಡತ ಉಳಿದಿದೆ: ಯಾರು ಓಡಿಹೋದ, ಅವನ ಜಮೀನು ಯಾರಿಗೆ ಸಂದಿತು, ಜೊತೆಗೆ ಕೊಟ್ಟ ಕುದುರೆ ಎಷ್ಟು, ಹಸು ಎಷ್ಟು. ಅದೇ ಕೋಟೆಯ ಗೋಡೆಯ ಮೇಲೆ ಸೂರ್ಯನ ಚಲನೆ ಅಳೆಯಲು ಆತ ಎಳೆದ ಗೆರೆಗಳೂ ಇವೆ. ಕಡತ ಬರೆದ ಕೈಯೇ ಗೆರೆಯನ್ನೂ ಎಳೆದದ್ದು. 1520ರಲ್ಲಿ ಟ್ಯೂಟಾನಿಕ್ ಯೋಧರು ಫ್ರೊಂಬೋರ್ಕ್‌ಗೆ ಬೆಂಕಿ ಇಟ್ಟ ಮೇಲೆ ಓಲ್ಷ್ಟಿನ್ ಕಾಯುವ ಸಿದ್ಧತೆಯೂ ಆತನದೇ. ಕಳಪೆ ನಾಣ್ಯ ಒಳ್ಳೆಯ ನಾಣ್ಯವನ್ನು ಪೇಟೆಯಿಂದ ಓಡಿಸುತ್ತದೆ ಎಂದು ವಾದಿಸಿ ಹಣದ ಬಗ್ಗೆ ಗ್ರಂಥ ಬರೆದ. ಧರ್ಮಾಧ್ಯಕ್ಷರಿಗೆ ವೈದ್ಯನೂ ಆಗಿದ್ದ. ಇಷ್ಟರ ನಡುವೆ ಆಕಾಶ ನೋಡಿದ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಆತನ ಗ್ರಂಥ ಅಚ್ಚಾಗಲೆಂದು ಪಟ್ಟುಹಿಡಿದ ಗೆಳೆಯ ಟೀಡೆಮನ್ ಗೀಸೆ ಕೂಡ ಅದೇ ಚಾಪ್ಟರ್‌ನ ಕ್ಯಾನನ್ ಆಗಿದ್ದವನು.

ಚಾಪ್ಟರ್‌ಗಳ ಆ ವೈಭವ ಉಳಿಯಲಿಲ್ಲ. ಜರ್ಮನ್ ನಾಡುಗಳಲ್ಲಿ 1803ರ ಹೊತ್ತಿಗೆ ಅವುಗಳ ಆಸ್ತಿ ಸರ್ಕಾರಗಳ ಪಾಲಾಯಿತು. 1983ರ ಕಥೋಲಿಕ ಧರ್ಮಸಂಹಿತೆಯ ಪ್ರಕಾರ ಅವುಗಳ ಮುಖ್ಯ ಹೊಣೆ ಪ್ರಧಾನಾಲಯದ ಘನ ಆರಾಧನೆ; ಕ್ರೊಡೆಗಾಂಗ್ ಶುರುಮಾಡಿದ ಜಾಗಕ್ಕೇ ಬಂದು ನಿಂತ ಹಾಗಾಯಿತು.

ಧರ್ಮವೂ ವಿಜ್ಞಾನವೂ ಹುಟ್ಟಾ ವೈರಿಗಳು ಎನ್ನುವವರು ಫ್ರೊಂಬೋರ್ಕ್ ಕಥೆಯನ್ನು ಪೂರ್ತಿ ಓದಬೇಕು. ಗೆಲಿಲಿಯೊನ ವಿಚಾರಣೆ ನಿಜ, ಮರೆಯುವಂಥದಲ್ಲ. ಈ ಅನ್ನ, ಈ ಬಿಡುವು, ಈ ಗೆಳೆತನವೂ ಅಷ್ಟೇ ನಿಜ.

2010ರ ಮೇ 22ರಂದು ಕೋಪರ್ನಿಕಸ್‌ನನ್ನು ಅದೇ ನೆಲದಲ್ಲಿ ಮತ್ತೆ ಸಮಾಧಿ ಮಾಡಿದರು. ಈ ಸಲ ಕಲ್ಲು ನೆಟ್ಟರು. ಕಪ್ಪು ಗ್ರಾನೈಟಿನ ಮೇಲೆ ಹೊಂಬಣ್ಣದ ಸೂರ್ಯ, ಸುತ್ತ ಆರು ಗ್ರಹ. ಸೂರ್ಯಕೇಂದ್ರ ಸಿದ್ಧಾಂತ ಕೊಟ್ಟವನು ಎಂದೂ ಕ್ಯಾನನ್ ಎಂದೂ ಅದರಲ್ಲಿ ಕೆತ್ತಿದೆ.