ಪರನೆಲದಲ್ಲಿ ನೆಲೆಗೊಂಡ ಓತಿಗಳು

ಪ್ರಾಣಿಯೊಂದು ತನ್ನ ಹುಟ್ಟುನೆಲವನ್ನು ಬಿಟ್ಟು ಬೇರೊಂದು ನಾಡಿನಲ್ಲಿ ನೆಲೆಯೂರುವುದು ಪ್ರಕೃತಿಯಲ್ಲಿ ಹೊಸ ಸಂಗತಿಯೇನೂ ಅಲ್ಲ. ಸಮುದ್ರದ ಪ್ರವಾಹ, ಬಿರುಗಾಳಿ, ತೇಲಿಹೋಗುವ ಮರದ ದಿಮ್ಮಿ ಇವುಗಳ ನೆರವಿನಿಂದ ಜೀವಿಗಳು ಬಹು ಪ್ರಾಚೀನ ಕಾಲದಿಂದಲೂ ದ್ವೀಪದಿಂದ ದ್ವೀಪಕ್ಕೆ ದಾಟಿವೆ. ಹೊಸದಾಗಿರುವುದು ಈ ದಾಟುವಿಕೆಯ ವೇಗ ಮಾತ್ರ. ಸಾವಿರಾರು ವರ್ಷಗಳಿಗೊಮ್ಮೆ ಸಂಭವಿಸುತ್ತಿದ್ದುದು ಮಾನವನ ಹಡಗು ಮತ್ತು ಸರಕುಗಳ ದೆಸೆಯಿಂದ ಈಗ ಒಂದೇ ತಲೆಮಾರಿನಲ್ಲಿ ಹಲವು ಸಲ ಸಂಭವಿಸುತ್ತಿದೆ. ಹೀಗೆ ಬಂದು ಹಬ್ಬಿದ ಜೀವಿಯನ್ನು ಆಕ್ರಮಣಕಾರಿ ಎಂಬ ಒಂದು ವಿಶೇಷಣದಿಂದ ಗುರುತಿಸುವುದು ರೂಢಿಯಾಗಿದೆ. ಆದರೆ ಆಕ್ರಮಣಶೀಲತೆಯೆಂಬುದು ಆ ಪ್ರಾಣಿಯಲ್ಲಿಯೇ ಅಡಗಿರುವ ಗುಣವೇ, ಇಲ್ಲವೆ ಪ್ರಾಣಿಗೂ ಅದು ಬಂದು ಸೇರಿದ ಸ್ಥಳಕ್ಕೂ ಏರ್ಪಡುವ ಸಂಬಂಧವೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅನೋಲ್ ಎಂಬ ಓತಿಗಳ ವೃತ್ತಾಂತವು ಬಹಳ ಉಪಯುಕ್ತವಾಗಿದೆ.

ಅನೋಲ್‌ಗಳು ಅಮೆರಿಕ ಖಂಡಗಳಲ್ಲಿಯೂ ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿಯೂ ವಾಸಿಸುವ ಸಣ್ಣ ಓತಿಗಳು. ಇವುಗಳಲ್ಲಿ ನಾಲ್ಕುನೂರಕ್ಕೂ ಮಿಕ್ಕಿದ ಪ್ರಭೇದಗಳಿವೆ. ನಮ್ಮ ಓತಿಕ್ಯಾತದಂತೆ ಇವೂ ಹಗಲಿನಲ್ಲಿ ಯಾವುದಾದರೊಂದು ಕಂಬವನ್ನೋ ಕೊಂಬೆಯನ್ನೋ ಆಶ್ರಯಿಸಿ ಕುಳಿತು, ಕಣ್ಣಿಗೆ ಬಿದ್ದ ಕೀಟವನ್ನು ಹಿಡಿದು ತಿನ್ನುತ್ತವೆ. ಆದರೆ ಕುಟುಂಬ ಬೇರೆ, ಕಾಲಿನ ರಚನೆಯೂ ಬೇರೆ. ಗೋಡೆಯ ಹಲ್ಲಿಗಿರುವಂತೆ ಅನೋಲ್‌ಗಳ ಬೆರಳಿನ ಅಡಿಯಲ್ಲಿ ಅಗಲವಾದ ಮೆತ್ತೆಯಿದ್ದು, ಅದರ ಮೇಲೆ ಸಾಲುಸಾಲಾಗಿ ತೆಳುವಾದ ಪದರಗಳಿರುತ್ತವೆ. ನುಣುಪಾದ ಎಲೆಯನ್ನೂ ಸಣ್ಣ ಕಡ್ಡಿಯನ್ನೂ ಹಿಡಿದು ನಿಲ್ಲಲು ಈ ಮೆತ್ತೆಯೇ ಆಧಾರ. ಈ ಅಂಗದ ವಿಷಯವನ್ನು ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುವುದರಿಂದ ಇಲ್ಲಿ ಅದನ್ನು ಗಮನದಲ್ಲಿರಿಸಿಕೊಳ್ಳುವುದು ಒಳ್ಳೆಯದು.

ಅಮೆರಿಕ ಸಂಯುಕ್ತ ಸಂಸ್ಥಾನದ ಮುಖ್ಯಭೂಮಿಗೆ ಸ್ಥಳೀಯವಾದ ಅನೋಲ್ ಒಂದೇ ಒಂದು. ಅದು ಅನೋಲಿಸ್ ಕ್ಯಾರೊಲೈನೆನ್ಸಿಸ್ ಎಂಬ ಹಸಿರು ಅನೋಲ್. ಅದರ ಪೂರ್ವಜರೂ ಮೂಲತಃ ಕ್ಯೂಬಾದವರೇ ಆಗಿದ್ದು, ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರವನ್ನು ದಾಟಿ ಫ್ಲಾರಿಡಾ ಸೇರಿದರೆಂಬುದು ಆನುವಂಶಿಕ ಹೋಲಿಕೆಯಿಂದ ತಿಳಿದುಬಂದಿದೆ. ಕ್ಯೂಬಾದಲ್ಲಿ ಹಲವು ಬಗೆಯ ಅನೋಲ್‌ಗಳು ಒಂದೇ ಮರವನ್ನು ಹಂಚಿಕೊಂಡು ಬಾಳುತ್ತವೆ. ಒಂದು ನೆಲದ ಬಳಿಯ ಕಾಂಡದಲ್ಲಿದ್ದರೆ, ಇನ್ನೊಂದು ಮೇಲಿನ ಕೊಂಬೆಗಳಲ್ಲಿರುತ್ತದೆ. ಫ್ಲಾರಿಡಾಕ್ಕೆ ಬಂದ ಹಸಿರು ಅನೋಲಿಗೆ ಇಂತಹ ಪಾಲುಗಾರರು ಇರಲಿಲ್ಲ. ಆದುದರಿಂದ ಅದು ಮರದ ತುದಿಯಿಂದ ಬುಡದವರೆಗೆ ಎಲ್ಲ ಎತ್ತರಗಳನ್ನೂ ಬಳಸಿಕೊಂಡಿತು.

ಈ ಸ್ಥಿತಿಗೆ ಭಂಗ ತಂದುದು ಅನೋಲಿಸ್ ಸಾಗ್ರೆಯಿ ಎಂಬ ಕಂದು ಅನೋಲ್. ಕ್ಯೂಬಾ ಮತ್ತು ಬಹಾಮಾ ದ್ವೀಪಗಳು ಇದರ ಮುಖ್ಯ ನೆಲೆಗಳು. ನೆಲ ಮತ್ತು ಮರದ ಬುಡ ಇದರ ವಾಸಸ್ಥಾನ. ಫ್ಲಾರಿಡಾದ ದಕ್ಷಿಣ ತುದಿಯ ಕಿರುದ್ವೀಪಗಳಲ್ಲಿ ಇದು ಕಂಡುಬಂದಿತೆಂಬ ಮೊದಲ ವರದಿ 1887ರದು. 1940ರ ದಶಕದ ವೇಳೆಗೆ ಇದು ಮುಖ್ಯಭೂಮಿಯ ಬಂದರುಗಳಲ್ಲಿ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ರಾಜ್ಯದ ಬಹುಭಾಗಕ್ಕೆ ಹರಡಿತು. ಇಂತಹ ಪ್ರಯಾಣಕ್ಕೆ ಈ ಪ್ರಾಣಿ ಹಲವು ವಿಧದಲ್ಲಿ ಅನುಕೂಲವಾಗಿದೆ. ಹೆಣ್ಣು ಒಮ್ಮೆಗೆ ಒಂದೊಂದೇ ಮೊಟ್ಟೆಯನ್ನು ತೇವದ ಮಣ್ಣಿನಲ್ಲಿ ಇಡುತ್ತದೆ. ಆ ಮಣ್ಣು ಹೂಗಿಡದ ಕುಂಡದ್ದಾದರೆ ಗಿಡದೊಡನೆ ಮೊಟ್ಟೆಯೂ ಸಾಗುತ್ತದೆ. ಗಂಡಿನ ವೀರ್ಯವನ್ನು ಹೆಣ್ಣು ತನ್ನ ದೇಹದಲ್ಲಿ ಬಹುಕಾಲ ಉಳಿಸಿಕೊಳ್ಳಬಲ್ಲದಾದುದರಿಂದ, ಕೂಡಿಕೆಯಾದ ಒಂದು ಹೆಣ್ಣು ಒಂಟಿಯಾಗಿ ಬಂದಿಳಿದರೂ ಸಂತತಿ ಮುಂದುವರಿಯುವ ಸಂಭವವಿದೆ.

ಆದರೆ ಬಂದಿಳಿಯುವುದು ಬೇರೆ, ನೆಲೆಯೂರುವುದು ಬೇರೆ. ಕೆಲವೇ ಜೀವಿಗಳಿಂದ ಆರಂಭವಾದ ಸಮುದಾಯದಲ್ಲಿ ಆನುವಂಶಿಕ ವೈವಿಧ್ಯವು ತಗ್ಗುತ್ತದೆ. ಆದುದರಿಂದ ಅಂತಹ ಸಮುದಾಯವು ದುರ್ಬಲವಾಗಿರಬೇಕೆಂಬುದು ಪಠ್ಯಪುಸ್ತಕಗಳ ಸಾಮಾನ್ಯ ನಿರೂಪಣೆ. 2004ರಲ್ಲಿ ಜೇಸನ್ ಕೋಲ್ಬಿ ಮತ್ತು ಅವರ ಸಹೋದ್ಯೋಗಿಗಳು ಫ್ಲಾರಿಡಾದ ಕಂದು ಅನೋಲ್‌ಗಳನ್ನು ಕ್ಯೂಬಾದ ಮೂಲ ಸಮುದಾಯಗಳೊಡನೆ ಹೋಲಿಸಿ ನೋಡಿದಾಗ ಇದಕ್ಕೆ ವಿರುದ್ಧವಾದ ಚಿತ್ರ ದೊರೆಯಿತು. ಈ ಓತಿ ಫ್ಲಾರಿಡಾಕ್ಕೆ ಬಂದುದು ಒಂದು ಸಲವಲ್ಲ, ಕಡೆಯಪಕ್ಷ ಎಂಟು ಸಲ. ಅದೂ ಕ್ಯೂಬಾದ ಬೇರೆ ಬೇರೆ ಭಾಗಗಳಿಂದ. ತಾಯ್ನೆಲದಲ್ಲಿ ಪರಸ್ಪರ ದೂರವಾಗಿದ್ದ ವಂಶಗಳು ಇಲ್ಲಿ ಬೆರೆತುದರಿಂದ, ವಲಸೆಗಾರರ ಸಮುದಾಯದಲ್ಲಿ ಆನುವಂಶಿಕ ವೈವಿಧ್ಯವು ಮೂಲ ಸಮುದಾಯಗಳಲ್ಲಿರುವುದಕ್ಕಿಂತಲೂ ಅಧಿಕವಾಗಿತ್ತು. ತೈವಾನ್ ಮತ್ತು ಹವಾಯಿಗಳಲ್ಲಿ ಈಗ ನೆಲೆಸಿರುವ ಕಂದು ಅನೋಲ್‌ಗಳು ಕ್ಯೂಬಾದಿಂದ ನೇರವಾಗಿ ಬಂದವಲ್ಲ, ಫ್ಲಾರಿಡಾದಿಂದ ಹೊರಟವು ಎಂಬುದೂ ಅದೇ ಅಧ್ಯಯನದಿಂದ ಹೊರಪಟ್ಟಿತು. ಹೀಗೆ ಒಂದು ಹೊಸ ನೆಲೆಯು ಮುಂದಿನ ವಲಸೆಗಳಿಗೆ ತವರಾಗಿ ಪರಿಣಮಿಸುತ್ತದೆ.

ಹಾಗಾದರೆ ಅನೇಕ ಸಲ ಬರುವುದು ನೆಲೆಯೂರಲು ಅತ್ಯಗತ್ಯವೇ? ಅಲ್ಲವೆಂಬುದಕ್ಕೆ ಬಹಾಮಾದಲ್ಲಿ ನಡೆದ ಪ್ರಯೋಗವೊಂದು ನಿದರ್ಶನವಾಗಿದೆ. ತಾಮಸ್ ಷೋನರ್ ಮತ್ತು ಏಮಿ ಷೋನರ್ ಅವರು 1977 ಮತ್ತು 1981ರಲ್ಲಿ, ಓತಿಗಳೇ ಇಲ್ಲದಿದ್ದ ಪುಟ್ಟ ನಡುಗಡ್ಡೆಗಳಿಗೆ ಐದೋ ಹತ್ತೋ ಕಂದು ಅನೋಲ್‌ಗಳನ್ನು ಬಿಟ್ಟರು. ತೀರ ಸಣ್ಣವಾದ ನಡುಗಡ್ಡೆಗಳನ್ನು ಬಿಟ್ಟು ಉಳಿದೆಡೆಗಳಲ್ಲಿ ಅವು ಬದುಕಿ ವೃದ್ಧಿಗೊಂಡವು. ಅಂದಮೇಲೆ ಆ ನಡುಗಡ್ಡೆಗಳಲ್ಲಿ ಮೊದಲು ಓತಿಗಳು ಇಲ್ಲದಿದ್ದುದಕ್ಕೆ ಸ್ಥಳದ ಅನನುಕೂಲತೆಯು ಕಾರಣವಾಗಿರಲಿಲ್ಲ. 1996ರ ಲಿಲಿ ಎಂಬ ಚಂಡಮಾರುತವು ಆ ಪ್ರದೇಶದ ಹಲವು ನಡುಗಡ್ಡೆಗಳ ಓತಿಗಳನ್ನು ನಿಶ್ಶೇಷಗೊಳಿಸಿದಾಗ ನಿಜವಾದ ಕಾರಣದ ಸುಳಿವು ಸಿಕ್ಕಿತು. ಬದುಕಲು ತಕ್ಕ ಸ್ಥಳವಿದ್ದು, ತಡೆಯುವ ವೈರಿಯಿಲ್ಲದಿದ್ದರೆ, ಬೆರಳೆಣಿಕೆಯ ಜೀವಿಗಳೇ ಸಾಕು.

ಇನ್ನು ಸ್ಥಳೀಯ ಪ್ರಭೇದದ ಗತಿಯೇನಾಯಿತೆಂಬುದನ್ನು ನೋಡೋಣ. ಕಂದು ಅನೋಲ್ ಹಬ್ಬಿದ ಕಡೆಗಳಲ್ಲಿ ಹಸಿರು ಅನೋಲ್ ನೆಲದ ಬಳಿ ವಿರಳವಾಯಿತು. ಎರಡಕ್ಕೂ ಆಹಾರ ಬಹುಮಟ್ಟಿಗೆ ಒಂದೇ. ಅಲ್ಲದೆ ಬೆಳೆದ ಅನೋಲ್‌ಗಳು ಎದುರು ಪಕ್ಷದ ಮರಿಗಳನ್ನು ತಿನ್ನುವುದೂ ಉಂಟು. ಈ ಬದಲಾವಣೆಯನ್ನು ಪ್ರಯೋಗದಿಂದ ಪರೀಕ್ಷಿಸಲು ಟಾಡ್ ಕ್ಯಾಂಪ್‌ಬೆಲ್ ಅವರು 1995ರಲ್ಲಿ ಫ್ಲಾರಿಡಾದ ಪೂರ್ವತೀರದ ಮಸ್ಕೀಟೊ ಲಗೂನ್ ಎಂಬ ಹಿನ್ನೀರಿನಲ್ಲಿ ಆರು ಕಿರುದ್ವೀಪಗಳನ್ನು ಆರಿಸಿಕೊಂಡರು. ಎಲ್ಲದರಲ್ಲಿಯೂ ಹಸಿರು ಅನೋಲ್ ಇತ್ತು. ಮೂರರಲ್ಲಿ ಕಂದು ಅನೋಲ್‌ಗಳನ್ನು ಬಿಟ್ಟು, ಉಳಿದ ಮೂರನ್ನು ಹೋಲಿಕೆಗಾಗಿ ಹಾಗೆಯೇ ಇರಿಸಿದರು. ಕೆಲವೇ ತಿಂಗಳಲ್ಲಿ, ಹೊಸಬರು ಬಂದ ದ್ವೀಪಗಳ ಹಸಿರು ಅನೋಲ್‌ಗಳು ಮರದಲ್ಲಿ ಮೊದಲಿಗಿಂತ ಮೇಲೆ ಕುಳಿತುಕೊಳ್ಳತೊಡಗಿದವು. ಹೋಲಿಕೆಯ ದ್ವೀಪಗಳಲ್ಲಿ ಹಾಗಾಗಲಿಲ್ಲ.

ಹದಿನೈದು ವರ್ಷಗಳ ತರುವಾಯ, 2010ರಲ್ಲಿ, ಯೋಯೆಲ್ ಸ್ಟುವರ್ಟ್ ಅವರ ತಂಡವು ಅದೇ ಹಿನ್ನೀರಿನ ಹನ್ನೊಂದು ದ್ವೀಪಗಳಲ್ಲಿ ಹಸಿರು ಅನೋಲ್‌ಗಳನ್ನು ಅಳೆಯಿತು. ಅವುಗಳಲ್ಲಿ ಆರಕ್ಕೆ ಕಂದು ಅನೋಲ್ ಬಂದು ಸೇರಿತ್ತು, ಐದಕ್ಕೆ ಬಂದಿರಲಿಲ್ಲ. ಹೊಸಬರಿದ್ದ ದ್ವೀಪಗಳ ಹಸಿರು ಅನೋಲ್‌ಗಳಲ್ಲಿ, ದೇಹದ ಗಾತ್ರಕ್ಕೆ ಹೋಲಿಸಿದಾಗ, ಬೆರಳಿನ ಮೆತ್ತೆಗಳು ಹೆಚ್ಚು ಅಗಲವಾಗಿದ್ದವು. ಪದರಗಳ ಸಂಖ್ಯೆಯೂ ಹೆಚ್ಚಿತ್ತು. ಮೇಲಿನ ತೆಳುವಾದ, ನುಣುಪಾದ ಕೊಂಬೆಗಳಲ್ಲಿ ಸಂಚರಿಸುವುದಕ್ಕೆ ಇಂತಹ ಮೆತ್ತೆಯೇ ಬೇಕು. ಮರವೇರಿದ ಅಭ್ಯಾಸದಿಂದ ಪ್ರತಿಯೊಂದು ಓತಿಯ ಬೆರಳೂ ಬೆಳೆಯುತ್ತಾ ಅಗಲವಾಗಿರಬಹುದಲ್ಲವೆ ಎಂಬ ಸಂದೇಹವು ಇಲ್ಲಿ ಸಹಜವಾದುದೇ. ಇದನ್ನು ಪರಿಹರಿಸಲು, ಎರಡೂ ಬಗೆಯ ದ್ವೀಪಗಳಿಂದ ತಂದ ತಾಯಂದಿರ ಮೊಟ್ಟೆಗಳಿಂದ ಹೊರಬಂದ ಮರಿಗಳನ್ನು ಪ್ರಯೋಗಶಾಲೆಯಲ್ಲಿ ಒಂದೇ ತೆರನಾದ ಪರಿಸ್ಥಿತಿಯಲ್ಲಿ ಸಾಕಲಾಯಿತು. ಆಗಲೂ ವ್ಯತ್ಯಾಸವು ಉಳಿಯಿತು. ಎಂದರೆ, ಇದು ಅಭ್ಯಾಸಫಲವಲ್ಲ, ಆನುವಂಶಿಕವಾದ ಬದಲಾವಣೆ. ಸುಮಾರು ಇಪ್ಪತ್ತು ಪೀಳಿಗೆಗಳೊಳಗೆ ನೈಸರ್ಗಿಕ ಆಯ್ಕೆಯು ಅಳತೆಗೆ ಸಿಕ್ಕುವಷ್ಟು ಕೆಲಸವನ್ನು ಮಾಡಿತ್ತು. ಈ ಫಲಿತಾಂಶಗಳು 2014ರಲ್ಲಿ ಪ್ರಕಟವಾದುವು.

ಇದರಿಂದ ಸ್ಥಳೀಯ ಜೀವಿಗಳು ಹೇಗಾದರೂ ಹೊಂದಿಕೊಳ್ಳುತ್ತವೆ, ಚಿಂತೆಗೆ ಕಾರಣವಿಲ್ಲ ಎಂದು ತೀರ್ಮಾನಿಸಿದರೆ ಅದು ಆತುರದ ತೀರ್ಮಾನವಾಗುತ್ತದೆ. ಹಸಿರು ಅನೋಲಿಗೆ ಹಿಂದೆ ಸರಿಯಲು ಮೇಲುಗಡೆ ಸ್ಥಳವಿತ್ತು. ಅಲ್ಲಿ ಹಿಡಿದು ನಿಲ್ಲಲು ಬೇಕಾದ ಅಂಗವು ಪೂರ್ವಜರಿಂದಲೇ ಬಂದಿತ್ತು. ಆಯ್ಕೆಯು ನಡೆಯಲು ಅಗತ್ಯವಾದ ವೈವಿಧ್ಯವೂ ಸಮುದಾಯದಲ್ಲಿತ್ತು. ಈ ಮೂರೂ ಇಲ್ಲದೆಡೆ ಏನಾಗುತ್ತದೆ? ವಿಚಿತ್ರವೆಂದರೆ, ಇದಕ್ಕೆ ಉತ್ತರವನ್ನು ಒದಗಿಸಿದುದೂ ಅದೇ ಹಸಿರು ಅನೋಲ್.

ಟೋಕಿಯೋ ನಗರಕ್ಕೆ ದಕ್ಷಿಣದಲ್ಲಿ ಸುಮಾರು 1000 ಕಿಲೋಮೀಟರು ದೂರದಲ್ಲಿ ಒಗಸವಾರ ದ್ವೀಪಗಳಿವೆ. ಯಾವ ಖಂಡಕ್ಕೂ ಎಂದೂ ಸೇರಿರದ ಈ ದ್ವೀಪಗಳಲ್ಲಿ ಬೇರೆಲ್ಲಿಯೂ ಇಲ್ಲದ ಸಸ್ಯಗಳೂ ಕೀಟಗಳೂ ವಿಕಾಸಗೊಂಡಿವೆ. 2011ರಲ್ಲಿ ಇವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. 1960ರ ದಶಕದಲ್ಲಿ ಹಸಿರು ಅನೋಲ್ ಗುವಾಮ್ ದ್ವೀಪದ ಮೂಲಕ ಇಲ್ಲಿನ ಚಿಚಿಜಿಮಾಕ್ಕೆ ಬಂದಿತು. 1980ರ ದಶಕದಲ್ಲಿ ಹಹಾಜಿಮಾವನ್ನೂ ಸೇರಿತು. ಹಗಲಿನಲ್ಲಿ ಮರಗಳ ಮೇಲೆ ಕುಳಿತು ಬೇಟೆಯಾಡುವ ಇಂತಹ ಓತಿಯನ್ನು ಅಲ್ಲಿಯ ಕೀಟಗಳು ಕಂಡಿರಲಿಲ್ಲ. ಈ ಎರಡು ದ್ವೀಪಗಳಲ್ಲಿ ಆ ಪ್ರದೇಶಕ್ಕೇ ವಿಶಿಷ್ಟವಾದ ಏರೋಪ್ಲೇನ್ ಚಿಟ್ಟೆಗಳು, ಪುಟ್ಟ ನೀಲಿ ಪಾತರಗಿತ್ತಿ, ಒಂಟಿಯಾಗಿ ಬಾಳುವ ಸಣ್ಣ ಜೇನ್ನೊಣಗಳು ಬಹುಮಟ್ಟಿಗೆ ಕಣ್ಮರೆಯಾದುವು. ಜೇನ್ನೊಣಗಳ ನಷ್ಟವು ಸಸ್ಯಗಳಿಗೂ ತಟ್ಟಿತು. ಸ್ಥಳೀಯ ಹೂಗಳಿಗೆ ಈಗ ಅಲ್ಲಿ ಮುಖ್ಯವಾಗಿ ಭೇಟಿಕೊಡುವುದು ಮಾನವನು ತಂದ ಯೂರೋಪಿನ ಸಾಕುಜೇನು. 2013ರಲ್ಲಿ ಸಮೀಪದ ಅನಿಜಿಮಾದಲ್ಲಿಯೂ ಈ ಓತಿ ಕಂಡುಬಂದಾಗ, ಮರದ ಕಾಂಡಗಳಿಗೆ ಅಂಟಿನ ಬೋನುಗಳನ್ನು ಕಟ್ಟಿಯೂ, ಹತ್ತಲಾಗದ ನುಣುಪಾದ ಬೇಲಿಗಳನ್ನು ಹಾಕಿಯೂ ಅದನ್ನು ತಡೆಯುವ ಪ್ರಯತ್ನವು ಆರಂಭವಾಯಿತು.

ಒಂದೇ ಪ್ರಭೇದವು ಫ್ಲಾರಿಡಾದಲ್ಲಿ ಒತ್ತಡಕ್ಕೆ ಸಿಕ್ಕಿ ಮರವೇರಿದ ಸ್ಥಳೀಯ. ಒಗಸವಾರದಲ್ಲಿ ಕೀಟಕುಲವನ್ನು ಬರಿದುಮಾಡಿದ ಆಗಂತುಕ. ಗುವಾಮಿನಲ್ಲಿಯಾದರೋ, ಒಮ್ಮೆ ಹೇರಳವಾಗಿದ್ದ ಈ ಅನೋಲ್, ಮತ್ತೊಬ್ಬ ಆಗಂತುಕನಾದ ಕಂದು ಮರಹಾವು ಹಬ್ಬಿದ ಮೇಲೆ ಕಾಡುಗಳಿಂದ ಅಳಿಸಿಹೋಯಿತು. ಪ್ರಾಣಿಯ ಗುಣವು ಬದಲಾಗಲಿಲ್ಲ. ಅದರ ಸುತ್ತಲಿನ ಜೀವಿಗಳು ಬೇರೆಯಾದುವು. ಆದುದರಿಂದ ಒಂದು ಪ್ರಭೇದದ ಹೆಸರನ್ನು ನೋಡಿ ಅದರಿಂದ ಆಗುವ ಹಾನಿಯನ್ನು ಮುನ್ನುಡಿಯುವುದು ಕಷ್ಟ. ಬಂದು ಸೇರಿದೆಡೆಯಲ್ಲಿ ಅದಕ್ಕೆ ಸಮಾನರಾದ ಪಾಲುಗಾರರಿದ್ದರೇ, ವೈರಿಗಳಿದ್ದರೇ, ಅದರ ಆಹಾರವಾಗುವ ಜೀವಿಗಳಿಗೆ ಅಂತಹ ಬೇಟೆಗಾರನ ಪರಿಚಯವಿತ್ತೇ ಎಂಬುದನ್ನು ಮೊದಲು ಕೇಳಬೇಕು.

ಈ ವಿಚಾರವು ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಗಾದೆಯಲ್ಲಿ ಬೇಲಿಗೂಟವನ್ನು ಸಾಕ್ಷಿಯಾಗಿ ಪಡೆದ ನಮ್ಮ ಓತಿಕ್ಯಾತದ ಬಳಗವೂ ಪರನೆಲಗಳಲ್ಲಿ ಆಗಂತುಕನೆನಿಸಿದೆ. ಕ್ಯಾಲೋಟಿಸ್ ವರ್ಸಿಕಲರ್ ಎಂಬ ಹೆಸರಿನಲ್ಲಿ ಬಹುಕಾಲ ಒಂದೇ ಎಂದು ಎಣಿಸಲಾಗಿದ್ದ ಈ ಬಳಗವು ಹಲವು ಪ್ರಭೇದಗಳ ಸಮೂಹವೆಂದು 2021ರ ಅಧ್ಯಯನವೊಂದು ತೋರಿಸಿತು. ಮೂಲ ಹೆಸರು ದಕ್ಷಿಣ ಭಾರತದ ಪ್ರಭೇದಕ್ಕೆ ಉಳಿಯಿತು. ಈ ಬಳಗದ ಓತಿಗಳು ಮಾರಿಷಸ್ ಮತ್ತು ರೀಯೂನಿಯನ್ ದ್ವೀಪಗಳಲ್ಲಿ ನೆಲೆಸಿವೆ. 1980ರ ದಶಕದಲ್ಲಿ ಇವು ಉತ್ತರದ ನೆರೆನಾಡುಗಳಿಂದ ಸಿಂಗಪುರಕ್ಕೂ ಬಂದುವು. ಅಲ್ಲಿನ ತೋಟ ಮತ್ತು ಉದ್ಯಾನಗಳಲ್ಲಿ ಮೊದಲು ಸಾಮಾನ್ಯವಾಗಿದ್ದ ಸ್ಥಳೀಯ ಹಸಿರು ಶಿಖೆಯ ಓತಿ ಈಗ ಹೆಚ್ಚಾಗಿ ಕಾಡಿನ ಕಡೆಗೆ ಸೀಮಿತವಾಗಿದೆ. ತೆರೆದ ಬಯಲು, ಪೊದೆ, ಬೇಲಿ ಇವು ಓತಿಕ್ಯಾತಕ್ಕೆ ಪ್ರಿಯ. ಕಾಡನ್ನು ಕಡಿದು ಅಂತಹ ಸ್ಥಳಗಳನ್ನು ಮಾನವನೇ ಮೊದಲು ಸಿದ್ಧಪಡಿಸಿಕೊಟ್ಟಿದ್ದನೆಂಬುದನ್ನೂ ಇಲ್ಲಿ ಮರೆಯಲಾಗದು.

ಮಸ್ಕೀಟೊ ಲಗೂನಿನ ಫಲಿತಾಂಶಕ್ಕೆ ತಳಹದಿಯಾದುದು ಯಾವ ದುಬಾರಿ ಉಪಕರಣವೂ ಅಲ್ಲ; ಓತಿಯು ಕುಳಿತ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು, ದಿನಾಂಕ ಸಹಿತ ಬರೆದಿಟ್ಟ ಪುಸ್ತಕ. ಹೊಸಬರು ಬರುವುದಕ್ಕೆ ಮುಂಚಿನ ಅಳತೆಗಳು ಇಲ್ಲದಿದ್ದರೆ, ಅವರು ಬಂದ ಮೇಲಿನ ಬದಲಾವಣೆಯನ್ನು ಯಾರೂ ಸಾಧಿಸಿ ತೋರಿಸಲಾಗುತ್ತಿರಲಿಲ್ಲ. ಕಾಲೇಜಿನ ಆವರಣದಲ್ಲಿ ಯಾವ ಯಾವ ಓತಿಗಳಿವೆ, ಯಾವ ಗಿಡದಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ, ಯಾವ ಹೊತ್ತಿನಲ್ಲಿ ಕುಳಿತಿರುತ್ತವೆ ಎಂಬುದನ್ನು ಪ್ರತಿವರ್ಷವೂ ಒಂದೇ ಕ್ರಮದಲ್ಲಿ ದಾಖಲಿಸುವುದು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಸಸ್ಯೋದ್ಯಾನಗಳ ಕುಂಡಗಳು ಈಗ ನಾಡಿನಿಂದ ನಾಡಿಗೆ ಸಾಗುತ್ತಿವೆ. ಅವುಗಳ ಮಣ್ಣಿನಲ್ಲಿ ಏನಿದೆಯೆಂಬುದನ್ನು ಅಗೆದು ನೋಡುವವರು ಕಡಿಮೆ. ಮುಂದೊಂದು ದಿನ ಅಪರಿಚಿತವಾದ ಓತಿಯೊಂದು ನಮ್ಮ ಬೇಲಿಯ ಮೇಲೆ ಕಾಣಿಸಿಕೊಂಡರೆ, ಅದಕ್ಕೆ ಮೊದಲು ಅಲ್ಲಿ ಯಾರಿದ್ದರೆಂಬ ಪ್ರಶ್ನೆಗೆ ಉತ್ತರವನ್ನು ಆ ದಾಖಲೆಗಳಿಂದಲೇ ಪಡೆಯಬೇಕಾಗುತ್ತದೆ.